ಅಜ್ಜನ ರೇಜರೋ, ಅಂಗಡಿಯ ಹೊಸದೋ: ಸೇಫ್ಟಿ ರೇಜರ್ ಆರಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಅಜ್ಜನ ಟ್ರಂಕಿನ ತಳದಲ್ಲಿ, ಮಡಿಸಿಟ್ಟ ಪಂಚೆಗಳ ಕೆಳಗೆ ಒಂದು ಪುಟ್ಟ ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಮುಚ್ಚಳ, ತಳದ ತಟ್ಟೆ, ಹಿಡಿ ಎಂಬ ಮೂರು ಬಿಡಿಭಾಗಗಳ ಜಿಲೆಟ್ ರೇಜರ್. ‘ಮೇಡ್ ಇನ್ ಇಂಗ್ಲೆಂಡ್’ ಎಂಬ ಅಚ್ಚು, ಸಂದಿಗಳಲ್ಲಿ ಗಟ್ಟಿಯಾಗಿ ಕೂತ ಸೋಪಿನ ಬಿಳಿ ಪದರ, ತಿರುಪಿನ ಬುಡದಲ್ಲಿ ಹಸಿರು ಕಿಲುಬು. ಅದೇ ತಿಂಗಳು ನಾನು ಆನ್‌ಲೈನಿನಲ್ಲಿ ಕೊಂಡಿದ್ದ ಹೊಸ ರೇಜರ್ ಬಚ್ಚಲಿನ ನೆಲಕ್ಕೆ ಬಿದ್ದು, ತಲೆಯಿಂದ ಹೊರಟ ತಿರುಪಿನ ಕಂಬವೇ ತುಂಡಾಗಿತ್ತು. ಕೊಂಡು ಎರಡು ವರ್ಷವೂ ಆಗಿರಲಿಲ್ಲ. ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದರೆ ಹೊಳೆಯುವ ಕ್ರೋಮ್ ಲೇಪದ ಒಳಗೆ ಬೂದು ಬಣ್ಣದ, ಹರಳು ಹರಳಾದ ಲೋಹ. ಸೀಮೆಸುಣ್ಣ ಮುರಿದ ಹಾಗೆ. ಅಜ್ಜನ ರೇಜರಿನ ತಿರುಪಿನಲ್ಲಿ ಲೇಪ ಸವೆದ ಕಡೆ ಹಳದಿ ಹಿತ್ತಾಳೆ ಕಾಣುತ್ತಿತ್ತು. ಅರ್ಧ ಶತಮಾನ ದಾಟಿದ್ದರೂ ಹಿಡಿ ನಯವಾಗಿ ತಿರುಗಿ ಬಿಗಿಯಾಗಿ ಕೂತಿತು.

ಅಂದಿನಿಂದ ಹಳೆಯವು, ಹೊಸವು ಸಾಕಷ್ಟು ಕೈಗೆ ಬಂದುಹೋಗಿವೆ. ‘ಹಳೆಯದು ಒಳ್ಳೆಯದೋ ಹೊಸದೋ’ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಮೂರೇ ಪ್ರಶ್ನೆ: ಯಾವ ಲೋಹ? ಬ್ಲೇಡ್ ಎರಡೂ ಕಡೆ ಸಮನಾಗಿ ಕೂರುತ್ತದೆಯೇ? ನಿಮ್ಮ ಚರ್ಮಕ್ಕೆ ಅದು ಎಷ್ಟು ಸೌಮ್ಯ? ತಯಾರಾದ ವರ್ಷ ಇವುಗಳ ನಂತರ ಬರುತ್ತದೆ. ಈ ಮೂರನ್ನು ಮನೆಯಲ್ಲೇ ಪರೀಕ್ಷಿಸುವ ಬಗೆಯನ್ನು ಕೆಳಗೆ ಬರೆದಿದ್ದೇನೆ.

ಮೊದಲ ಹೆಜ್ಜೆ: ಇಂದಿನ ಬ್ಲೇಡ್ ಅದಕ್ಕೆ ಕೂರುತ್ತದೆಯೇ?

ಕಿಂಗ್ ಕ್ಯಾಂಪ್ ಜಿಲೆಟ್ 1901ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಕಂಪನಿ ಶುರು ಮಾಡಿದಾಗ, ತೆಳು ಉಕ್ಕಿನ ತಗಡಿಗೆ ಸಾಣೆ ಹಿಡಿಯುವುದೇ ದೊಡ್ಡ ಸವಾಲಾಗಿತ್ತು. ಅದನ್ನು ಬಿಡಿಸಿದವರು ಎಂಜಿನಿಯರ್ ವಿಲಿಯಂ ನಿಕರ್ಸನ್. ಮಾರಾಟ ಆರಂಭವಾದ 1903ರಲ್ಲಿ ಖರ್ಚಾದದ್ದು 51 ರೇಜರ್, 168 ಬ್ಲೇಡ್. ಆಗಿನ ಬ್ಲೇಡಿಗೆ ಮೂರು ದುಂಡು ತೂತುಗಳಿದ್ದವು. 1930ರ ಹೊತ್ತಿಗೆ ನಡುವೆ ಉದ್ದನೆಯ ಸೀಳಿರುವ ಬ್ಲೇಡ್ ಬಂತು. ಇಂದು ಕಿರಾಣಿ ಅಂಗಡಿಯಲ್ಲಿ ಸಿಗುವ ಟೋಪಾಜ್, ಸೆವೆನ್ ಓ ಕ್ಲಾಕ್ ಬ್ಲೇಡುಗಳ ನಡುವಿನ ಸೀಳನ್ನು ಗಮನಿಸಿ: ಆ ಮೂರು ತೂತುಗಳ ಜಾಗದಲ್ಲಿ ಅದು ಅಗಲವಾಗಿರುತ್ತದೆ. ಹಾಗಾಗಿ 1930ರ ಹಿಂದಿನ ಮೂರು ಮೊಳೆಯ ಜಿಲೆಟ್‌ಗೂ, ನಿನ್ನೆ ಕಾರ್ಖಾನೆಯಿಂದ ಹೊರಬಂದ ರೇಜರಿಗೂ ಅದೇ ಬ್ಲೇಡ್ ನಡೆಯುತ್ತದೆ. ಉದ್ದ 43 ಮಿಲಿಮೀಟರ್, ಅಗಲ 22, ದಪ್ಪ 0.1. ಹಳೆಯ ರೇಜರನ್ನು ಇಂದಿಗೂ ದಿನನಿತ್ಯ ಬಳಸಲು ಸಾಧ್ಯವಾಗಿರುವುದು ಈ ಅಳತೆ ಬದಲಾಗದೆ ಉಳಿದಿರುವುದರಿಂದ.

ಆದರೆ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದೆಲ್ಲ ಈ ಬ್ಲೇಡಿಗೆ ಹೊಂದುವುದಿಲ್ಲ. ಇಂಗ್ಲೆಂಡಿನ ರೋಲ್ಸ್ ರೇಜರ್ ಎಂಬುದೊಂದಿದೆ; ಅದರ ಪೆಟ್ಟಿಗೆಯ ಮುಚ್ಚಳದಲ್ಲೇ ಸಾಣೆಕಲ್ಲು, ಚರ್ಮದ ಪಟ್ಟಿ ಇರುತ್ತವೆ. ನೋಡಲು ಅದ್ಭುತ, ಆದರೆ ಅದಕ್ಕೆ ಅದರದೇ ದಪ್ಪ ಅಲಗು ಬೇಕು. ವ್ಯಾಲೆಟ್ ಆಟೋಸ್ಟ್ರಾಪ್, ಶಿಕ್ ಇಂಜೆಕ್ಟರ್, ಜೆಮ್ ಇವೆಲ್ಲ ಒಂದೇ ಅಲಗಿನ ಬ್ಲೇಡ್ ಕೇಳುತ್ತವೆ. ನಮ್ಮ ಅಂಗಡಿಗಳಲ್ಲಿ ಅವು ಸಿಗುವುದು ಕಷ್ಟ. ಮಾರುವವನು ಏನೇ ಹೇಳಲಿ, ಜೇಬಿನಲ್ಲೊಂದು ಕಾಗದ ಬಿಚ್ಚದ ಬ್ಲೇಡ್ ಇಟ್ಟುಕೊಂಡು ಹೋಗಿ. ಅಲ್ಲೇ ಕೂರಿಸಿ ನೋಡಿ.

ಎರಡನೆಯದು: ಲೋಹ ಗುರುತಿಸಿ

ಹಳೆಯ ಜಿಲೆಟ್‌ಗಳಲ್ಲಿ ಬಹುಪಾಲು ಹಿತ್ತಾಳೆಯವು. ಮೇಲೆ ನಿಕ್ಕಲ್ ಲೇಪ, ಕೆಲವಕ್ಕೆ ಚಿನ್ನದ ಲೇಪ. ಎರಡನೆಯ ಮಹಾಯುದ್ಧದ ಕಾಲದವುಗಳಲ್ಲಿ ಪ್ಲಾಸ್ಟಿಕ್ ಹಿಡಿಯವೂ ಇವೆ. ಇಂದಿನ ಮಧ್ಯಮ ಬೆಲೆಯ ರೇಜರುಗಳ ತಲೆ ಸಾಮಾನ್ಯವಾಗಿ ಜಮಾಕ್, ಅಂದರೆ ಸತುವಿಗೆ ಅಲ್ಯೂಮಿನಿಯಂ, ಮೆಗ್ನೀಷಿಯಂ, ತಾಮ್ರ ಬೆರೆಸಿದ ಎರಕದ ಲೋಹ. ಅಚ್ಚಿನಲ್ಲಿ ಸುಲಭವಾಗಿ ಎರಕ ಹೊಯ್ಯಬಹುದು, ಅಂಚುಗಳು ಅಳತೆಗೆ ಸರಿಯಾಗಿ ಬರುತ್ತವೆ, ಬೆಲೆ ಕಡಿಮೆ. ಆದರೆ ಕ್ರೋಮ್ ಲೇಪದಲ್ಲಿ ಒಂದು ಕಡೆ ಬಿರುಕು ಬಿಟ್ಟು ನೀರು ಒಳಹೊಕ್ಕರೆ ಒಳಗಿನ ಸತು ಕಿಲುಬುಗಟ್ಟಿ ಸವೆಯುತ್ತಾ ಹೋಗುತ್ತದೆ. ಮೇಲೆ ಗುಳ್ಳೆ ಎದ್ದಂತೆ ಕಾಣುತ್ತದೆ. ಮತ್ತೆ ಪಾಲಿಶ್ ಹಾಕಿಸಿ ಸರಿಮಾಡುವುದು ಕಷ್ಟ. ಹಿತ್ತಾಳೆ ಹಾಗಲ್ಲ: ಲೇಪ ಪೂರ್ತಿ ಹೋದರೂ ಕೆಲಸ ಮಾಡುತ್ತದೆ, ಬೇಕಾದಾಗ ಮತ್ತೆ ಲೇಪ ಕೊಡಿಸಬಹುದು.

ಆಯಸ್ಕಾಂತ ಹಿಡಿದು ಹಿತ್ತಾಳೆ–ಜಮಾಕ್ ಬೇರೆ ಮಾಡಲಾಗದು, ಎರಡೂ ಅಂಟುವುದಿಲ್ಲ. ಬದಲಿಗೆ ಸವೆದ ಜಾಗ ಹುಡುಕಿ. ತಿರುಪಿನ ಅಂಚು, ಬ್ಲೇಡ್ ಉಜ್ಜುವ ಮೂಲೆ, ಹಿಡಿಯ ತಳ. ಅಲ್ಲಿ ಹಳದಿ ಕಂಡರೆ ಹಿತ್ತಾಳೆ. ಮಂಕಾದ ಬೂದು ಬಣ್ಣ ಕಂಡರೆ ಜಮಾಕ್ ಇರಬಹುದೆಂದು ತಿಳಿಯಿರಿ. ಹೊಸದನ್ನು ಕೊಳ್ಳುವಾಗ ವಿವರಣೆಯಲ್ಲಿ ಲೋಹದ ಹೆಸರು ಹುಡುಕಿ. ‘ಪ್ರೀಮಿಯಂ ಮೆಟಲ್’ ಎಂದಷ್ಟೇ ಬರೆದು ಲೋಹ ಯಾವುದೆಂದು ಹೇಳದ ರೇಜರಿಗೆ ನಾನು ಹೆಚ್ಚು ಹಣ ಕೊಡುವುದಿಲ್ಲ.

ಹಾಗೆಂದು ಜಮಾಕ್ ಎಂದಾಕ್ಷಣ ತಳ್ಳಿಹಾಕಬೇಡಿ. ಜರ್ಮನಿಯ ಮ್ಯೂಲೆ ಆರ್ 89, ಇಂಗ್ಲೆಂಡಿನ ಎಡ್ವಿನ್ ಜಾಗರ್ ಡಿಇ 89 ಇವುಗಳ ತಲೆಯೂ ಜಮಾಕ್‌ನದೇ. ಲಕ್ಷಾಂತರ ಮುಖಗಳಿಗೆ ಹಿಡಿಸಿವೆ. ಕೆಳಗೆ ಬೀಳಿಸದೆ, ತಿರುಪನ್ನು ಅತಿಯಾಗಿ ಬಿಗಿಯದೆ, ಒಣಗಿಸಿ ಇಟ್ಟರೆ ಬಹಳ ವರ್ಷ ಬರುತ್ತವೆ. ಮೊಮ್ಮಗನಿಗೆ ದಾಟಿಸುವ ಆಸೆಯಿದ್ದರೆ ಮಾತ್ರ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ನೋಡಿ.

ಮೂರನೆಯದು: ಹಳೆಯದನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುವುದು

ಇದನ್ನು ಅವಸರದಲ್ಲಿ ಮಾಡಬೇಡಿ. ಮನೆಯ ಅಟ್ಟದಲ್ಲಿ ಸಿಕ್ಕಿದ್ದಾಗಲಿ, ಚಿಕ್ಕಪೇಟೆ ಆಸುಪಾಸಿನ ಭಾನುವಾರದ ಸಂತೆಯಲ್ಲಿ ಕಂಡದ್ದಾಗಲಿ, ಹಗಲು ಬೆಳಕಿಗೆ ತನ್ನಿ. ಒಳಗೆ ಹಳೆಯ ಬ್ಲೇಡ್ ಇರಬಹುದು. ಕಾಣುವುದಕ್ಕೆ ಮೊದಲೇ ಬೆರಳು ಹಾಕಬೇಡಿ.

ಮೂರು ಬಿಡಿಭಾಗಗಳ ರೇಜರಾದರೆ ಮೊದಲು ಹಿಡಿ. ಜಿಲೆಟ್‌ನ ತೀರ ಹಳೆಯ ಮಾದರಿಗಳ ಹಿಡಿ ಟೊಳ್ಳು ಕೊಳವೆ. ಉದ್ದಕ್ಕೆ ಕೂದಲೆಳೆಯಂಥ ಬಿರುಕು ಬಿಡುವುದು ಸಾಮಾನ್ಯ. ಹೆಬ್ಬೆರಳಿನ ಉಗುರನ್ನು ಅಡ್ಡಲಾಗಿ ಎಳೆಯಿರಿ, ಬಿರುಕಿದ್ದರೆ ಉಗುರು ತಡೆಯುತ್ತದೆ. ನಂತರ ಥ್ರೆಡ್. ಹಿಡಿಯನ್ನು ತಿರುಗಿಸುತ್ತಾ ಹೋದಾಗ ಕೊನೆಯಲ್ಲಿ ಗಟ್ಟಿಯಾಗಿ ನಿಲ್ಲಬೇಕು. ನಿಂತಂತೆ ಮಾಡಿ ಮತ್ತೆ ಜಾರಿದರೆ ಥ್ರೆಡ್ ಹೋಗಿದೆ ಎಂದರ್ಥ, ಬಿಟ್ಟುಬಿಡಿ. ಮೂರನೆಯದು ತಳದ ತಟ್ಟೆಯ ಅಂಚು. ಸ್ಟೀಲಿನ ಸ್ಕೇಲನ್ನು ಅಂಚಿಗೆ ಒರಗಿಸಿ ಕಿಟಕಿಯ ಕಡೆ ಹಿಡಿಯಿರಿ. ನಡುವೆ ಬೆಳಕು ಇಣುಕಿದರೆ ಅಂಚು ಬಾಗಿದೆ. ಬಾಚಣಿಗೆಯಂತೆ ಹಲ್ಲುಗಳಿರುವ ತಟ್ಟೆಯಾದರೆ ಒಂದೊಂದು ಹಲ್ಲಿನ ತುದಿಯೂ ಸ್ಕೇಲಿಗೆ ತಾಗಬೇಕು. ಎಂದೋ ಒಮ್ಮೆ ನೆಲಕ್ಕೆ ಬಿದ್ದ ರೇಜರಿನಲ್ಲಿ ಮೂಲೆಯ ಹಲ್ಲೊಂದು ಒಳಕ್ಕೆ ಬಾಗಿರುತ್ತದೆ, ಕೆನ್ನೆ ಕೊಯ್ಯುವುದು ಅಲ್ಲೇ.

ಹಿಡಿಯ ತಳದ ಗುಬ್ಬಿ ತಿರುಗಿಸಿದರೆ ಮೇಲೆ ಎರಡು ಬಾಗಿಲು ತೆರೆಯುವ ಬಟರ್‌ಫ್ಲೈ ರೇಜರ್ ಸಿಕ್ಕಿತೇ? 1947ರಲ್ಲಿ ಬಂದ ಜಿಲೆಟ್ ಸೂಪರ್ ಸ್ಪೀಡ್ ಈ ಜಾತಿಯದು. ಎರಡೂ ಬಾಗಿಲು ಒಟ್ಟಿಗೆ ಏಳಬೇಕು, ಒಟ್ಟಿಗೆ ಮುಚ್ಚಬೇಕು. ಒಂದು ಮುಂದೆ, ಒಂದು ಹಿಂದೆ ಆದರೆ ಒಳಗಿನ ಕಡ್ಡಿ ಬಾಗಿದೆ, ಅಥವಾ ಸೋಪು ಗಟ್ಟಿಯಾಗಿದೆ. ಸೋಪಾಗಿದ್ದರೆ ತೊಳೆದರೆ ಸರಿಹೋಗುತ್ತದೆ, ಬಾಗಿದ್ದರೆ ಇಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಿ. ಬ್ಲೇಡ್ ಹಾಕಿ ಬಿಗಿದ ಮೇಲೂ ಗಲಗಲ ಎಂದರೆ ಕೊಳ್ಳಬೇಡಿ.

ಹೊಂದಿಸಿಕೊಳ್ಳುವ ರೇಜರುಗಳು, ಅಂದರೆ 1ರಿಂದ 9ರವರೆಗೆ ಅಂಕಿ ಇರುವವು, ಹಳೆಯ ಜಿಲೆಟ್‌ಗಳಲ್ಲಿ ಅತಿ ಹೆಚ್ಚು ಬೇಡಿಕೆಯವು. ಫ್ಯಾಟ್‌ಬಾಯ್ ಎಂದು ಜನ ಕರೆಯುವ ಮಾದರಿ 1958ರಿಂದ 1961ರವರೆಗೆ, ಸ್ಲಿಮ್ 1961ರಿಂದ 1968ರವರೆಗೆ ತಯಾರಾದವು. ಗುಬ್ಬಿಯನ್ನು ಅರ್ಧ ಸುತ್ತು ಸಡಿಲಿಸಿ ಅಂಕಿ ಬದಲಿಸಿ, ಮತ್ತೆ ಬಿಗಿಯಿರಿ. ಬ್ಲೇಡಿಗೂ ತಡೆಗಂಬಿಗೂ (ಬ್ಲೇಡಿನ ಕೆಳಗೆ ಚರ್ಮಕ್ಕೆ ತಾಗುವ ಅಂಚು) ನಡುವಿನ ಸಂದು 1ರಲ್ಲಿ ಕಿರಿದಾಗಿ 9ರಲ್ಲಿ ಕಣ್ಣಿಗೆ ಕಾಣುವಷ್ಟು ಅಗಲವಾಗಬೇಕು. ಸಂದು ಬದಲಾಗದಿದ್ದರೆ ಆ ಅಂಕಿಗಳಿಗೆ ಅರ್ಥವಿಲ್ಲ. ಫೋಟೋ ಮಾತ್ರ ನೋಡಿ ಈ ಬಗೆಯದನ್ನು ಕೊಳ್ಳಬೇಡಿ. ಬಿಡಿಭಾಗ ಸಿಗುವುದಿಲ್ಲ, ರಿಪೇರಿ ಮಾಡುವವರೂ ಇಲ್ಲ.

ಇನ್ನು ಎಲ್ಲ ರೇಜರಿಗೂ, ಹೊಸದಕ್ಕೂ ಸಹ, ಮಾಡಲೇಬೇಕಾದ ಪರೀಕ್ಷೆಯೊಂದಿದೆ. ಹೊಸ ಬ್ಲೇಡ್ ಹಾಕಿ. ಬ್ಲೇಡಿನ ಹರಿತವಿಲ್ಲದ ಎರಡು ತುದಿಗಳನ್ನು ಹಿಡಿದು ತಲೆಯನ್ನು ಒತ್ತಿಕೊಂಡೇ ಹಿಡಿ ಬಿಗಿಯಿರಿ. ಈಗ ರೇಜರನ್ನು ತಲೆಕೆಳಗಾಗಿ, ಕಣ್ಣಿನ ಮಟ್ಟಕ್ಕೆ, ಬೆಳಕಿನ ಎದುರು ಹಿಡಿಯಿರಿ. ಮುಚ್ಚಳದ ಅಂಚಿನಿಂದ ಬ್ಲೇಡ್ ತೆಳುವಾದ ಬೆಳ್ಳಿಗೆರೆಯಂತೆ ಹೊರಗೆ ಕಾಣುತ್ತದೆ. ಆ ಗೆರೆ ಎಡದಲ್ಲೂ ಬಲದಲ್ಲೂ ಒಂದೇ ಅಗಲ ಇರಬೇಕು, ಉದ್ದಕ್ಕೂ ಸಮಾಂತರ ಇರಬೇಕು. ಓರೆಯಾಗಿ ಕಂಡರೆ ಸಡಿಲಿಸಿ ಮತ್ತೆ ಬಿಗಿಯಿರಿ. ಆಗಲೂ ಓರೆಯೇ? ಬ್ಲೇಡನ್ನು ಅರ್ಧ ಸುತ್ತು ತಿರುಗಿಸಿ ಹಾಕಿ. ಓರೆ ಬ್ಲೇಡಿನ ಜೊತೆಗೇ ತಿರುಗಿದರೆ ತಪ್ಪು ಬ್ಲೇಡಿನದು. ಮೊದಲಿದ್ದ ಕಡೆಯೇ ನಿಂತರೆ ತಪ್ಪು ರೇಜರಿನದು. ಆ ರೇಜರ್ ಒಂದು ಕಡೆ ಹೆಚ್ಚು ಕೊಯ್ಯುತ್ತದೆ, ಇನ್ನೊಂದು ಕಡೆ ಕೂದಲು ಬಿಡುತ್ತದೆ. ‘ಸೇಫ್ಟಿ ರೇಜರ್ ನನ್ನ ಮುಖಕ್ಕೆ ಒಗ್ಗಲಿಲ್ಲ’ ಎಂದು ಬಿಟ್ಟವರ ರೇಜರನ್ನು ಇಸಿದುಕೊಂಡು ನೋಡಿದಾಗ ಈ ಬೆಳ್ಳಿಗೆರೆಯೇ ಓರೆಯಾಗಿದ್ದದ್ದನ್ನು ಒಂದೆರಡು ಸಲ ಕಂಡಿದ್ದೇನೆ.

ವಯಸ್ಸು, ಬೆಲೆ

‘ನೂರು ವರ್ಷ ಹಳೆಯದು ಸರ್’ ಎಂಬ ಮಾತನ್ನು ನಂಬಬೇಕಿಲ್ಲ, ರೇಜರೇ ಹೇಳುತ್ತದೆ. ಅಮೆರಿಕದಲ್ಲಿ ತಯಾರಾದ ಜಿಲೆಟ್‌ಗಳ ತಲೆಯ ಅಡಿಯಲ್ಲಿ 1950ರ ದಶಕದಿಂದ ಒಂದು ಇಂಗ್ಲಿಷ್ ಅಕ್ಷರ, ಒಂದು ಅಂಕಿ ಇರುತ್ತವೆ. ಅಕ್ಷರ ವರ್ಷವನ್ನೂ ಅಂಕಿ ಮೂರು ತಿಂಗಳ ಅವಧಿಯನ್ನೂ ಸೂಚಿಸುತ್ತವೆ. ‘ಎ’ ಎಂದರೆ 1955, ‘ಬಿ’ ಎಂದರೆ 1956, ಹೀಗೇ ಮುಂದಕ್ಕೆ ಎಣಿಸಬಹುದು. ‘ಜಿ 2’ ಎಂದಿದ್ದರೆ 1961ರ ಏಪ್ರಿಲ್‌ನಿಂದ ಜೂನ್. ನಮ್ಮ ಕಡೆಯ ಮನೆಗಳಲ್ಲಿ ಇಂಗ್ಲೆಂಡಿನಲ್ಲಿ ತಯಾರಾದವೂ ಸಿಗುತ್ತವೆ. ಮೂರು ಬಿಡಿಭಾಗಗಳ ಟೆಕ್ ಎಂಬ ಮಾದರಿ 1930ರ ದಶಕದ ಕೊನೆಯಲ್ಲಿ ಬಂದು ದಶಕಗಟ್ಟಲೆ ತಯಾರಾಯಿತು, ಅಪರೂಪದ್ದೇನಲ್ಲ. ಅದಕ್ಕೆ ಪುರಾತನ ವಸ್ತುವಿನ ಬೆಲೆ ಕೇಳಿದರೆ ಎದ್ದು ಬನ್ನಿ. ಹೊಳಪಿಗೂ ಮರುಳಾಗಬೇಡಿ. ಹೊಸದಾಗಿ ಲೇಪ ಕೊಡಿಸಿದ ರೇಜರಿನಲ್ಲಿ ಅಕ್ಷರಗಳ ಅಂಚು ಮೊಂಡಾಗಿರುತ್ತದೆ, ಪಾಲಿಶ್ ಚಕ್ರಕ್ಕೆ ಹಿಡಿದಾಗ ಸವೆದದ್ದು ಅದು. ಮಂಕಾಗಿದ್ದರೂ ಅಚ್ಚು ಚುರುಕಾಗಿರುವುದೇ ಮೇಲು.

ಶುಚಿ ಮಾಡುವುದು: ಹುಣಸೆಹಣ್ಣು ಬೇಡ

ಹಿತ್ತಾಳೆ ಎಂದ ಕೂಡಲೇ ನಮ್ಮ ಕೈ ಹುಣಸೆಹಣ್ಣಿನ ಕಡೆ ಹೋಗುತ್ತದೆ. ದೇವರ ಮನೆಯ ದೀಪಕ್ಕೆ ಅದು ಸರಿ, ಅಲ್ಲಿ ಬರೀ ಹಿತ್ತಾಳೆ. ರೇಜರಿನ ಮೇಲೆ ಕೂದಲಿಗಿಂತ ತೆಳುವಾದ ಲೇಪವಿದೆ. ಹುಳಿ ಆ ಲೇಪದ ಸಣ್ಣ ರಂಧ್ರಗಳಲ್ಲಿ ನುಸುಳಿ ಒಳಗಿನ ಹಿತ್ತಾಳೆಯನ್ನು ಹಿಡಿಯುತ್ತದೆ. ಬೂದಿ, ತೆಂಗಿನ ನಾರು, ಪಾತ್ರೆ ತಿಕ್ಕುವ ಸ್ಟೀಲ್ ಉಂಡೆ ಲೇಪವನ್ನೇ ಕೆರೆದುಹಾಕುತ್ತವೆ. ಚಿನ್ನದ ಲೇಪವಂತೂ ಒಂದೇ ಉಜ್ಜಿಗೆ ಹೋಗಬಹುದು. ಅಜ್ಜನ ಪೆಟ್ಟಿಗೆ ತೆರೆದ ದಿನ ಅಮ್ಮ ಪ್ರೀತಿಯಿಂದ ಹುಣಸೆ ನೆನೆಹಾಕಿದ್ದರು. ಸಮಯಕ್ಕೆ ಸರಿಯಾಗಿ ಕಂಡಿದ್ದರಿಂದ ರೇಜರ್ ಉಳಿಯಿತು.

ಬಿಸಿನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ. ಕೈ ಅದ್ದಬಹುದಾದಷ್ಟು ಬಿಸಿ ಸಾಕು, ಕುದಿಸಬೇಡಿ. ಅಂಕಿಗಳಿಗೆ ತುಂಬಿದ ಬಣ್ಣ, ಚಿನ್ನದ ಲೇಪದ ಮೇಲಿನ ವಾರ್ನಿಷ್ ಕುದಿನೀರಿಗೆ ಏಳುತ್ತವೆ. ಅರ್ಧ ಗಂಟೆ ನೆನೆಸಿ, ಮೆತ್ತನೆಯ ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ. ಬಿಳಿ ಪದರ ಸೋಪಿನದಾದರೆ ಎರಡು ಮೂರು ಸುತ್ತಿಗೆ ಬಿಡುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಬಿಟ್ಟ ಸುಣ್ಣವಾದರೆ ಹತ್ತಿಗೆ ನೀರು ಬೆರೆಸಿದ ವಿನೆಗರ್ ಹಚ್ಚಿ, ಕಲೆಯಿದ್ದ ಕಡೆ ಮಾತ್ರ ಒಂದೆರಡು ನಿಮಿಷ ಒತ್ತಿ, ಕೂಡಲೇ ತೊಳೆಯಿರಿ. ಜಮಾಕ್‌ಗೆ ಇದೂ ಬೇಡ. ಬ್ಲೀಚಿಂಗ್ ದ್ರವ ಯಾವುದಕ್ಕೂ ಬೇಡ. ಬಟರ್‌ಫ್ಲೈ ರೇಜರಿನ ಗುಬ್ಬಿ ಬಿಗಿಯಾಗಿದ್ದರೆ ಒಣಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ. ತೆಂಗಿನೆಣ್ಣೆ ಬಿಡಬೇಡಿ, ಚಳಿಗಾಲದಲ್ಲಿ ಒಳಗೇ ಹೆಪ್ಪುಗಟ್ಟುತ್ತದೆ.

ಬೇರೆಯವರು ಬಳಸಿದ ರೇಜರ್ ಎಂಬ ಅಳುಕು ಸಹಜ, ಅದು ಇರಬೇಕಾದದ್ದೇ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು. ಟ್ರಂಕಿನಲ್ಲಿ ದಶಕಗಳಿಂದ ಬಿದ್ದಿದ್ದಕ್ಕೆ ಆ ಭಯವಿಲ್ಲ. ಸಂತೆಯಲ್ಲಿ ಕೊಂಡದ್ದರ ಚರಿತ್ರೆ ಗೊತ್ತಿರುವುದಿಲ್ಲ. ಚೆನ್ನಾಗಿ ತೊಳೆದು, ಒಣಗಿಸಿ, ಒಂದೆರಡು ವಾರ ಹಾಗೇ ಇಟ್ಟು, ಬಳಸುವ ಮುನ್ನ 70 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತು ನಿಮಿಷ ಅದ್ದಿ ತೆಗೆಯಿರಿ. ಒಳಗೆ ಸಿಕ್ಕ ಹಳೆಯ ಬ್ಲೇಡ್ ಎಷ್ಟೇ ಹೊಳೆಯುತ್ತಿರಲಿ, ಎಸೆಯಿರಿ. ಮತ್ತೊಂದು ಮಾತು: ಅಪ್ಪ–ಮಗ ಇಬ್ಬರೂ ಒಂದೇ ರೇಜರ್ ಹಂಚಿಕೊಳ್ಳುವ ರೂಢಿ ಕೆಲವು ಮನೆಗಳಲ್ಲಿದೆ. ಅದನ್ನು ನಿಲ್ಲಿಸಿ.

ಹೊಸದೇ ಬೇಕೆಂದರೆ

ಇಲ್ಲಿ ಹೆಚ್ಚು ಯೋಚನೆ ಬೇಡ. ಸೌಮ್ಯವಾದದ್ದರಿಂದ ಶುರುಮಾಡಿ. ಮೇಲೆ ಹೇಳಿದ ಆರ್ 89, ಡಿಇ 89, ಝೋಲಿಂಗೆನ್‌ನ ಮರ್ಕುರ್ 34 ಸಿ ಇವು ಯಾವುವೂ ಹೊಸಬರನ್ನು ಹೆದರಿಸುವುದಿಲ್ಲ. ಅದೇ ಮ್ಯೂಲೆಯ ಆರ್ 41 ಮಾತ್ರ ಬಹಳ ತೀಕ್ಷ್ಣ. ಹೆಸರು ಹತ್ತಿರವೆಂದು ತಪ್ಪಿ ಕೊಳ್ಳಬೇಡಿ. ಪಾರ್ಕರ್ ಹೆಸರಿನ ಸೇಫ್ಟಿ ರೇಜರುಗಳು ಅಮೆರಿಕದ ಕಂಪನಿಯವಾದರೂ ತಯಾರಾಗುವುದು ಭಾರತದಲ್ಲೇ. ಕೆನಡಾದ ಹೆನ್ಸನ್ ಎಎಲ್ 13 ಅಲ್ಯೂಮಿನಿಯಂನದು, ತೂಕ 37 ಗ್ರಾಂ; 34 ಸಿ ಅದರ ಎರಡರಷ್ಟು ತೂಗುತ್ತದೆ. ರಾಕ್‌ವೆಲ್ ಕಂಪನಿಯ ರೇಜರುಗಳಲ್ಲಿ 6 ಸಿ ಜಮಾಕ್, 6 ಎಸ್ ಸ್ಟೇನ್‌ಲೆಸ್ ಸ್ಟೀಲ್. ಆಕಾರ ಹೆಚ್ಚುಕಡಿಮೆ ಒಂದೇ, ಬೆಲೆಯ ಅಂತರ ಲೋಹದ್ದು. ಹೊಸದರ ನಿಜವಾದ ಲಾಭ ಬೇರೆ: ಅದು ಹಿಂದೆಂದೂ ನೆಲಕ್ಕೆ ಬಿದ್ದಿಲ್ಲ, ಬ್ಲೇಡ್ ಓರೆ ಕೂತರೆ ವಾಪಸ್ ಮಾಡಬಹುದು.

ನನ್ನ ತೀರ್ಮಾನ ಕೇಳಿದರೆ ಹೀಗೆ. ಮನೆಯಲ್ಲೇ ಟೆಕ್‌ನಂಥ ಮೂರು ಬಿಡಿಭಾಗಗಳ ಹಳೆಯ ರೇಜರ್ ಇದ್ದು ಬೆಳ್ಳಿಗೆರೆ ಪರೀಕ್ಷೆಯಲ್ಲಿ ಪಾಸಾದರೆ, ಹೊಸದಕ್ಕೆ ದುಡ್ಡು ಹಾಕುವ ಅಗತ್ಯವೇ ಇಲ್ಲ. ಆ ಸೌಮ್ಯತೆ, ಆ ಹಿತ್ತಾಳೆ ಇಂದಿನ ಬೆಲೆಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಮನೆಯಲ್ಲಿ ಇಲ್ಲದಿದ್ದರೆ, ಮೊದಲ ಬಾರಿ ಕೊಳ್ಳುವವರು ಹೊಸದನ್ನೇ ಕೊಳ್ಳಿ. ಕೈ ಕುದುರಿದ ಮೇಲೆ ಹಳೆಯದನ್ನು ಹುಡುಕಿ. ಮೊಡವೆಯ ಮುಖದವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಹಲ್ಲಿನ ಅಂಚಿನ ತೀಕ್ಷ್ಣ ರೇಜರ್ ಹಳೆಯದೂ ಬೇಡ, ಹೊಸದೂ ಬೇಡ.

ಎರಡೂ ಇದ್ದರೆ: ಅರ್ಧ ಮುಖದ ಪರೀಕ್ಷೆ

ಒಂದು ದಿನದ ಶೇವಿಂಗ್‌ನಿಂದ ಏನೂ ತಿಳಿಯುವುದಿಲ್ಲ. ಒಂದೇ ಪ್ಯಾಕೆಟ್ಟಿನ ಎರಡು ಹೊಸ ಬ್ಲೇಡ್, ಒಂದೇ ಸೋಪು, ಒಂದೇ ಬಿಸಿನೀರು. ಎಡಕೆನ್ನೆಗೆ ಹಳೆಯದು, ಬಲಕೆನ್ನೆಗೆ ಹೊಸದು. ಮರುಸಲ ಅದಲುಬದಲು ಮಾಡಿ. ಬಲಗೈಯವರಿಗೆ ಎಡಕೆನ್ನೆಯಲ್ಲಿ ಕೈಯ ಕೋನವೇ ಬೇರೆಯಾಗುತ್ತದೆ, ಹಾಗಾಗಿ ಈ ಅದಲುಬದಲು ತಪ್ಪಿಸಬೇಡಿ. ಆರು ಸಲ ಮಾಡಿ.

ಕೋನ ಕಂಡುಕೊಳ್ಳಲು ಮೊದಲು ತಲೆಯ ಮೇಲ್ಭಾಗವನ್ನಷ್ಟೇ ಕೆನ್ನೆಗೆ ತಾಗಿಸಿ, ಹಿಡಿ ನೆಲಕ್ಕೆ ಸಮಾಂತರವಾಗಿರಲಿ. ಆಮೇಲೆ ಹಿಡಿಯನ್ನು ನಿಧಾನ ಕೆಳಗಿಳಿಸುತ್ತಾ ಬನ್ನಿ. ಬ್ಲೇಡ್ ಕೂದಲನ್ನು ಹಿಡಿದ ಸಣ್ಣ ಸದ್ದು ಕೇಳಿದಲ್ಲಿ ನಿಲ್ಲಿಸಿ. ಆ ಕೋನದಲ್ಲೇ ಒಂದಂಗುಲದಷ್ಟು ಎಳೆಯಿರಿ. ಒತ್ತಬೇಡಿ, ರೇಜರಿನ ಭಾರ ಸಾಕು. ಹಳೆಯ ರೇಜರುಗಳು ಹಗುರ, ಹಿಡಿ ಗಿಡ್ಡ. ಹೊಸ ಭಾರದ ರೇಜರಿನಿಂದ ಅದಕ್ಕೆ ಬಂದವರು ಅರಿವಿಲ್ಲದೆ ಒತ್ತುತ್ತಾರೆ. ಆಮೇಲೆ ‘ಹಳೆಯದು ಕೊಯ್ಯುತ್ತದೆ’ ಎನ್ನುತ್ತಾರೆ. ಮೊದಲ ಮೂರು ಸಲ ಕೂದಲು ಬೆಳೆದ ದಿಕ್ಕಿನಲ್ಲಿ ಮಾತ್ರ, ಎದುರು ದಿಕ್ಕು ಬೇಡ.

ಮುಗಿದ ಮೇಲೆ ತಣ್ಣೀರಿನಲ್ಲಿ ತೊಳೆದು ಪಟಿಕದ ತುಂಡನ್ನು ಒದ್ದೆ ಮಾಡಿ ಇಡೀ ಮುಖಕ್ಕೆ ಸವರಿ. ಎಲ್ಲಿ ಚುರುಗುಟ್ಟುತ್ತದೋ ಅಲ್ಲಿ ರೇಜರ್ ಕೂದಲಿನ ಜೊತೆ ಚರ್ಮವನ್ನೂ ಕೆರೆದಿದೆ. ಯಾವ ಕಡೆ, ಎಷ್ಟು ಉರಿಯಿತು, ಸಂಜೆ ಬೆರಳಾಡಿಸಿದಾಗ ಯಾವ ಕಡೆ ಮುಳ್ಳು ಮೊದಲು ತಾಗಿತು, ಇಷ್ಟನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ. ಆರು ಸಲದ ಬರಹ ಕಣ್ಣೆದುರು ಇದ್ದಾಗ ಯಾರ ಸಲಹೆಯೂ ಬೇಕಾಗುವುದಿಲ್ಲ. ಗೆದ್ದದ್ದನ್ನು ಬಚ್ಚಲಿನ ತೇವದಲ್ಲಿ ಬಿಡದೆ, ಪ್ರತಿ ಸಲ ಬಿಚ್ಚಿ ಕೊಡವಿ ಒಣಗಿಸಿ. ಸೋತದ್ದನ್ನು ಬ್ಲೇಡ್ ತೆಗೆದು, ಒಣಬಟ್ಟೆಯಲ್ಲಿ ಸುತ್ತಿ ಎತ್ತಿಡಿ.

ಬಳಸಿದ ಬ್ಲೇಡುಗಳಿಗೆ ಒಂದು ಹಳೆಯ ತಗಡಿನ ಡಬ್ಬಿ ಹುಡುಕಿ, ಮುಚ್ಚಳದಲ್ಲಿ ಬ್ಲೇಡ್ ಹೋಗುವಷ್ಟು ಸೀಳು ಮಾಡಿ, ಸುತ್ತಲೂ ಟೇಪ್ ಹಾಕಿ ಮುಚ್ಚಿಬಿಡಿ. ನಮ್ಮ ಬೀದಿಯ ಕಸ ಬೇರ್ಪಡಿಸುವ ಪೌರಕಾರ್ಮಿಕರಲ್ಲಿ ಅನೇಕರ ಕೈಗೆ ಗ್ಲೌಸ್ ಇರುವುದಿಲ್ಲ. ಡಬ್ಬಿ ತುಂಬಲು ವರ್ಷಗಳೇ ಬೇಕು. ತುಂಬಿದಾಗ ಸೀಳನ್ನೂ ಟೇಪಿನಿಂದ ಮುಚ್ಚಿ, ‘ಬ್ಲೇಡ್ ಇದೆ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಬೇರೆಯಾಗಿ ಅವರ ಕೈಗೇ ಕೊಡಿ.